ಬಿಸಿಯಾಗದ ಸೈಡ್ ಮಿರರ್: ದೋಷ ಪತ್ತೆ ಮತ್ತು ದುರಸ್ತಿಯ ಬಗೆ

ಕಾರಿನ ಎರಡೂ ಪಕ್ಕದ ಕನ್ನಡಿಗಳನ್ನು ವಿದ್ಯುತ್ತಿನಿಂದ ಬೆಚ್ಚಗೆ ಮಾಡಿ, ಅವುಗಳ ಮೇಲೆ ಕೂರುವ ಮಂಜು, ಇಬ್ಬನಿ ಹಾಗೂ ಹಿಮವನ್ನು ನಿವಾರಿಸುವ ವ್ಯವಸ್ಥೆಗೆ ‘ಹೀಟೆಡ್ ಮಿರರ್’ ಎಂದು ಹೆಸರು. ಹಿಮ ಬೀಳುವ ನಾಡುಗಳ ಅಗತ್ಯಕ್ಕಾಗಿ ರೂಪುಗೊಂಡ ಈ ಸೌಲಭ್ಯ, ದುಬಾರಿ ಬೆಲೆಯ ಯುರೋಪಿನ ಕಾರುಗಳೊಡನೆ ನಮ್ಮ ರಸ್ತೆಗಳಿಗೂ ಬಂದಿದೆ. ಜರ್ಮನಿ, ಕೆನಡಾ, ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಚಳಿಗಾಲದ ನಿತ್ಯದ ಅಗತ್ಯ. ಇಲ್ಲಿಯಾದರೋ ಮಡಿಕೇರಿ, ಆಗುಂಬೆ, ಚಾರ್ಮಾಡಿಯ ದಾರಿಗಳಲ್ಲಿ ಮಳೆಗಾಲದ ಮುಂಜಾವಿನ ಮಂಜು ಕವಿದಾಗ ಇದರ ಬೆಲೆ ತಿಳಿಯುತ್ತದೆ.

ಇದು ಕೆಟ್ಟಾಗ ಆಗುವ ತೊಂದರೆ ಎರಡು ಬಗೆಯದು. ಮೊದಲನೆಯದು, ಪಥ ಬದಲಿಸುವ ಕ್ಷಣದಲ್ಲಿ ಹಿಂದಿನಿಂದ ಬರುತ್ತಿರುವ ಬೈಕು ಮಸುಕು ಕನ್ನಡಿಯಲ್ಲಿ ಕಾಣದೆ ಹೋಗುವುದು. ಎರಡನೆಯದು ಜೇಬಿಗೆ ಬೀಳುವ ಕತ್ತರಿ. ಗಾಜು ಬಿಸಿಯಾಗುತ್ತಿಲ್ಲ ಎಂದು ದೂರಿದ ಮಾತ್ರಕ್ಕೆ, ಮೋಟಾರು, ಇಂಡಿಕೇಟರ್, ಹೊರಕವಚಗಳೆಲ್ಲ ಸೇರಿದ ಇಡೀ ಕನ್ನಡಿಯ ಜೋಡಣೆಯನ್ನೇ ಬದಲಿಸಬೇಕೆಂಬ ಉತ್ತರ ಹಲವು ಕಡೆ ಸಿಗುತ್ತದೆ. ಆದರೆ ದೋಷ ಇರುವುದು ಒಂದು ಫ್ಯೂಸಿನಲ್ಲೋ, ಕಿಲುಬು ಹಿಡಿದ ಕನೆಕ್ಟರಿನಲ್ಲೋ, ಬಾಗಿಲ ಸಂದಿಯಲ್ಲಿ ತುಂಡಾದ ವೈರಿನಲ್ಲೋ ಆಗಿರಬಹುದು. ಗಾಜಿನದೇ ದೋಷವಾದರೂ ಗಾಜನ್ನಷ್ಟೇ ಬದಲಿಸಲು ಸಾಧ್ಯವಿರುತ್ತದೆ. ಆದ್ದರಿಂದ ಮೊದಲು ಅಳತೆ, ಆಮೇಲೆ ಖರೀದಿ ಎಂಬ ಕ್ರಮವನ್ನು ಪಾಲಿಸುವುದು ಲೇಸು. ಬೇಕಾಗುವ ಮುಖ್ಯ ಉಪಕರಣ ಒಂದು ಸಾಧಾರಣ ಮಲ್ಟಿಮೀಟರ್ ಮಾತ್ರ.

ಗಾಜಿನ ಬೆನ್ನ ಹಿಂದೆ

ಹೀಟೆಡ್ ಮಿರರ್‌ನ ಗಾಜನ್ನು ಹೊರತೆಗೆದು ತಿರುಗಿಸಿ ನೋಡಿದರೆ ಅದರ ಬೆನ್ನಿಗೆ ಅಂಟಿಸಿದ ತೆಳ್ಳನೆಯ ಹಾಳೆಯೊಂದು ಕಾಣುತ್ತದೆ. ಅದರೊಳಗೆ ಹಾವಿನಂತೆ ಸುತ್ತಿ ಸುತ್ತಿ ಸಾಗುವ ಲೋಹದ ಎಳೆ ಇರುತ್ತದೆ. ಇಸ್ತ್ರಿ ಪೆಟ್ಟಿಗೆಯ ಕಾಯಿಲ್ ಮಾಡುವ ಕೆಲಸವನ್ನೇ ಇದು ಬಹು ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ. ಕೆಲವು ಕಾರುಗಳಲ್ಲಿ ಲೋಹದ ಎಳೆಯ ಬದಲು, ಬಿಸಿಯೇರಿದಂತೆ ತನ್ನ ರೋಧವನ್ನು ತಾನೇ ಹೆಚ್ಚಿಸಿಕೊಂಡು ವಿದ್ಯುತ್ ಹರಿವನ್ನು ತಗ್ಗಿಸುವ ವಿಶೇಷ ಲೇಪನವಿರುತ್ತದೆ. ಇಂಥದ್ದು ಅತಿಯಾಗಿ ಕಾಯುವ ಭಯವಿಲ್ಲ. ಎರಡೂ ಬಗೆಯ ಹಾಳೆಗಳ ಅಂಚಿನಲ್ಲಿ ಎರಡು ಚಪ್ಪಟೆ ಲೋಹದ ನಾಲಗೆಗಳಿದ್ದು, ಅವುಗಳಿಗೆ ಎರಡು ವೈರುಗಳು ಸಿಕ್ಕಿಸಲ್ಪಟ್ಟಿರುತ್ತವೆ.

ಒಂದು ಕನ್ನಡಿಯ ಹೀಟರ್ ಸಾಮಾನ್ಯವಾಗಿ 10ರಿಂದ 25 ವ್ಯಾಟ್‌ನಷ್ಟು ವಿದ್ಯುತ್ತನ್ನು ಬಳಸುತ್ತದೆ. 15 ವ್ಯಾಟ್ ಎಂದು ಹಿಡಿದರೆ, ಎಂಜಿನ್ ಓಡುತ್ತಿರುವಾಗ ದೊರೆಯುವ 13.5 ವೋಲ್ಟ್‌ನಲ್ಲಿ ಹರಿಯುವ ಪ್ರವಾಹ ಸುಮಾರು 1.1 ಆಂಪಿಯರ್, ಹಾಳೆಯ ರೋಧ ಸುಮಾರು 12 ಓಮ್. ಮುಂದೆ ಮೀಟರ್ ಹಿಡಿದಾಗ ಈ ಅಂಕಿ ನೆನಪಿನಲ್ಲಿರಬೇಕು.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಗಾಜಿನ ಬೆನ್ನನ್ನು ಮುಟ್ಟುವ ಮೊದಲು ದೀರ್ಘ ಪಯಣ ಮಾಡುತ್ತದೆ. ಫ್ಯೂಸ್, ಅನಂತರ ರಿಲೇ ಅಥವಾ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ, ಅಲ್ಲಿಂದ ಬಾಗಿಲ ಕೀಲಿನ ಬಳಿಯಿರುವ ಕೊಳವೆಯಂಥ ಸುಕ್ಕುಸುಕ್ಕಾದ ರಬ್ಬರ್ ಕವಚ, ಬಾಗಿಲ ಒಳಭಾಗ, ಕನ್ನಡಿ ಮಡಚುವ ತಿರುಗುಕೀಲು, ಕೊನೆಗೆ ಆ ಎರಡು ನಾಲಗೆಗಳು. ಇವುಗಳಲ್ಲಿ ರಬ್ಬರ್ ಕವಚ ಮತ್ತು ತಿರುಗುಕೀಲು ವೈರುಗಳು ದಿನವೂ ಬಾಗುವ ಸ್ಥಳಗಳು. ಕೊನೆಯ ನಾಲಗೆಗಳು ನೀರು ತಾಕುವ ಸ್ಥಳ. ದೋಷವೂ ಹೆಚ್ಚಾಗಿ ಈ ಮೂರೆಡೆಗಳಲ್ಲೇ ಸಿಗುತ್ತದೆ ಎಂಬುದರಲ್ಲಿ ಅಚ್ಚರಿಯೇನಿಲ್ಲ.

ಬಹಳಷ್ಟು ಕಾರುಗಳಲ್ಲಿ ಕನ್ನಡಿಗಳ ಹೀಟರಿಗೆ ಪ್ರತ್ಯೇಕ ಗುಂಡಿ ಇರುವುದಿಲ್ಲ. ಹಿಂದಿನ ಗಾಜಿನ ಡಿಫಾಗರ್ ಗುಂಡಿಯನ್ನು ಒತ್ತಿದಾಗಲೇ ಇವೂ ಚಾಲೂ ಆಗುತ್ತವೆ. ಇನ್ನು ಕೆಲವು ಕಾರುಗಳಲ್ಲಿ ಚಾಲಕನ ಬಾಗಿಲಿನಲ್ಲಿ ಕನ್ನಡಿಯನ್ನು ಹೊಂದಿಸುವ ತಿರುಗುಗುಂಡಿಯನ್ನೇ ಹೀಟರಿನ ಚಿಹ್ನೆಗೆ ತಿರುಗಿಸಬೇಕು. ತಮ್ಮ ಕಾರಿನಲ್ಲಿ ಇಂಥದ್ದೊಂದು ಸೌಲಭ್ಯವಿದೆ ಎಂಬುದನ್ನೇ ಅರಿಯದ ಮಾಲೀಕರೂ ಉಂಟು.

ಕೆಟ್ಟಿದೆಯೋ, ಕೆಟ್ಟಂತೆ ಕಾಣುತ್ತಿದೆಯೋ?

ಹೀಟರಿನಿಂದ ಏನನ್ನು ನಿರೀಕ್ಷಿಸಬಹುದು ಎಂಬ ಲೆಕ್ಕವನ್ನು ಮೊದಲು ನೋಡೋಣ. ಗಾಜಿನ ವಿಸ್ತೀರ್ಣ 180 ಚದರ ಸೆಂಟಿಮೀಟರ್, ಅದರ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಹಿಮ ಎಂದುಕೊಂಡರೆ ಅದರ ತೂಕ ಸುಮಾರು 8 ಗ್ರಾಂ. ಒಂದು ಗ್ರಾಂ ಮಂಜುಗಡ್ಡೆ ಕರಗಲು 334 ಜೂಲ್ ಶಾಖ ಬೇಕು. ಒಟ್ಟು ಸುಮಾರು 2,700 ಜೂಲ್. 15 ವ್ಯಾಟ್‌ನ ಹೀಟರ್ ಇದನ್ನು ಮೂರು ನಿಮಿಷಗಳಲ್ಲಿ ಒದಗಿಸಬಲ್ಲದು. ಗಾಜು ತಾನೇ ಬಿಸಿಯಾಗಲು ಹಿಡಿಯುವ ಶಾಖ ಮತ್ತು ಗಾಳಿಗೆ ಸೋರಿಹೋಗುವ ಶಾಖವನ್ನು ಸೇರಿಸಿದರೆ ಐದಾರು ನಿಮಿಷ ಅಥವಾ ಕೊಂಚ ಹೆಚ್ಚು ಎನ್ನಬಹುದು. ಮಂಜಿನ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ಗಾಜಿನ ಉಷ್ಣತೆ ಸುತ್ತಲಿನ ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಲವೇ ಡಿಗ್ರಿ ಮೇಲೇರಿದರೂ ಸಾಕು, ಹೊಸ ಹನಿಗಳು ಕೂರುವುದು ನಿಲ್ಲುತ್ತದೆ.

ಮಳೆಹನಿಯ ಕಥೆ ಬೇರೆ. ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು 2,450 ಜೂಲ್ ಬೇಕು, ಅಂದರೆ ಮಂಜುಗಡ್ಡೆ ಕರಗಿಸುವುದರ ಏಳು ಪಟ್ಟಿಗಿಂತ ಹೆಚ್ಚು. ಗಾಜಿನ ಮೇಲೆ 5 ಗ್ರಾಂ ನೀರಿದ್ದರೆ ಅದನ್ನು ಒಣಗಿಸಲು, ಒಂದಿಷ್ಟೂ ಶಾಖ ಪೋಲಾಗದಿದ್ದರೂ, 13 ನಿಮಿಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಆಷಾಢದ ಮಳೆ ಹತ್ತು ಪಟ್ಟು ನೀರು ಸುರಿದಿರುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಕನ್ನಡಿಯ ಮೇಲಿನ ಹನಿಗಳು ಹೋಗುತ್ತಿಲ್ಲವೆಂದು ಹೀಟರನ್ನು ದೂರುವುದು ತರವಲ್ಲ. ಅದು ಮಂಜು ಮತ್ತು ಹಿಮಕ್ಕಾಗಿ ಇರುವ ಸಾಧನ.

ಇನ್ನೊಂದು ಸಂಗತಿ. ಕೆಲವು ಯುರೋಪಿನ ಕಾರುಗಳಲ್ಲಿ ಹೊರಗಿನ ಉಷ್ಣತೆ ನಿಗದಿತ ಮಟ್ಟಕ್ಕಿಂತ ಹೆಚ್ಚಿದ್ದರೆ ಗುಂಡಿ ತಿರುಗಿಸಿದರೂ ಹೀಟರ್ ಚಾಲೂ ಆಗುವುದಿಲ್ಲ. ಬೆಂಗಳೂರಿನ ನಡುಮಧ್ಯಾಹ್ನ ಇಂಥ ಕಾರನ್ನು ಪರೀಕ್ಷಿಸಿ ‘ಕೆಟ್ಟಿದೆ’ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಹಾಗೆಯೇ ಹಲವು ಕಾರುಗಳಲ್ಲಿ ಎಂಜಿನ್ ಓಡುತ್ತಿದ್ದರೆ ಮಾತ್ರ ಹೀಟರ್ ಕೆಲಸ ಮಾಡುತ್ತದೆ, ಮತ್ತು ಸುಮಾರು ಹತ್ತರಿಂದ ಇಪ್ಪತ್ತು ನಿಮಿಷಗಳ ನಂತರ ತಾನಾಗಿ ನಿಲ್ಲುತ್ತದೆ. ಬ್ಯಾಟರಿ ಸೊರಗಿದ್ದರೆ ನಿಯಂತ್ರಣ ಘಟಕವೇ ಇಂಥ ಹೆಚ್ಚುವರಿ ಹೊರೆಗಳನ್ನು ಕಡಿತಗೊಳಿಸುವುದೂ ಉಂಟು. ಕಾರಿನೊಡನೆ ಕೊಟ್ಟ ಕೈಪಿಡಿಯಲ್ಲಿ ಈ ಷರತ್ತುಗಳು ನಮೂದಾಗಿರುತ್ತವೆ. ಆ ಪುಟವನ್ನು ಓದಲು ಹತ್ತು ನಿಮಿಷ ವ್ಯಯಿಸಿದರೆ ಅರ್ಧ ದಿನದ ಕೆಲಸ ಉಳಿಯಬಹುದು.

ಪರೀಕ್ಷೆಗೆ ತಕ್ಕ ಸಮಯ ಬೆಳಗಿನ ಜಾವ. ಎಂಜಿನ್ ಚಾಲೂ ಮಾಡಿ, ಹೀಟರ್ ಹಾಕಿ, ಐದು ನಿಮಿಷ ಬಿಟ್ಟು ಎರಡೂ ಗಾಜುಗಳನ್ನು ಅಂಗೈಯ ಬದಲು ಬೆರಳುಗಳ ಹಿಂಭಾಗದಿಂದ ಮುಟ್ಟಿ ನೋಡಬೇಕು. ಅಲ್ಪ ಬಿಸುಪೂ ಅಲ್ಲಿ ಗೊತ್ತಾಗುತ್ತದೆ. ಬಾಯಿಯ ಆವಿ ಊದಿ ನೋಡುವುದು ಇನ್ನೂ ಒಳ್ಳೆಯ ಉಪಾಯ. ಸರಿಯಿರುವ ಗಾಜಿನ ಮೇಲೆ ಆವಿ ಕೂಡಲೇ ಮಾಯವಾಗುತ್ತದೆ, ಕೆಟ್ಟ ಗಾಜಿನ ಮೇಲೆ ನಿಲ್ಲುತ್ತದೆ. ಒಂದೇ ಗಾಜಿನ ಒಂದು ಭಾಗ ಮಾತ್ರ ಬಿಸಿಯಾಗಿ ಇನ್ನೊಂದು ಭಾಗ ತಣ್ಣಗಿದ್ದರೆ ಹಾಳೆ ಗಾಜಿನಿಂದ ಕಿತ್ತುಬಂದಿದೆ ಅಥವಾ ಒಳಗಿನ ಎಳೆಗಳಲ್ಲಿ ಕೆಲವು ತುಂಡಾಗಿವೆ ಎಂದರ್ಥ. ಗುಂಡಿಯ ಮೇಲಿನ ಪುಟ್ಟ ದೀಪವನ್ನು ಮಾತ್ರ ನಂಬಬಾರದು. ಆಜ್ಞೆ ಹೋಗಿದೆ ಎಂದಷ್ಟೇ ಅದು ಹೇಳುತ್ತದೆ, ವಿದ್ಯುತ್ತು ಗಾಜನ್ನು ತಲುಪಿದೆ ಎಂದಲ್ಲ.

ಒಂದೋ, ಎರಡೋ?

ದೋಷ ಪತ್ತೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಒಂದು ಕನ್ನಡಿ ಕೆಟ್ಟಿದೆಯೋ, ಎರಡೂ ಕೆಟ್ಟಿವೆಯೋ? ಎರಡು ಹೀಟರ್ ಹಾಳೆಗಳು ಒಂದೇ ದಿನ ಸುಟ್ಟುಹೋಗುವುದು ತೀರ ಅಪರೂಪ. ಎರಡೂ ತಣ್ಣಗಿದ್ದರೆ ದೋಷ ಅವೆರಡಕ್ಕೂ ಸಮಾನವಾದ ಜಾಗದಲ್ಲಿದೆ. ಆಗ ಹಿಂದಿನ ಗಾಜಿನ ಡಿಫಾಗರ್ ಕೆಲಸ ಮಾಡುತ್ತಿದೆಯೇ ನೋಡಬೇಕು. ಅದೂ ಸತ್ತಿದ್ದರೆ ಗುಂಡಿ, ರಿಲೇ ಅಥವಾ ಮುಖ್ಯ ಫ್ಯೂಸನ್ನು ಶಂಕಿಸಬೇಕು. ಅದು ಸರಿಯಿದ್ದು ಕನ್ನಡಿಗಳು ಮಾತ್ರ ತಣ್ಣಗಿದ್ದರೆ ಕನ್ನಡಿಗಳ ಫ್ಯೂಸ್ ಸುಟ್ಟಿರುವ ಸಾಧ್ಯತೆ ಬಲವಾಗಿದೆ. ಹಿಂದಿನ ಗಾಜು ಹತ್ತಿಪ್ಪತ್ತು ಆಂಪಿಯರ್ ಬೇಡುವುದರಿಂದ ಅದಕ್ಕೆ ದೊಡ್ಡ ಫ್ಯೂಸಿದ್ದು, ಕನ್ನಡಿಗಳಿಗೆ ಬೇರೆಯೇ ಆದ ಸಣ್ಣ ಫ್ಯೂಸ್ ಇರುವುದು ವಾಡಿಕೆ. ಅದು ಬಹುಮಟ್ಟಿಗೆ ಕಂದು ಬಣ್ಣದ 7.5 ಅಥವಾ ಕೆಂಪು ಬಣ್ಣದ 10 ಆಂಪಿಯರಿನದು. ಫ್ಯೂಸನ್ನು ಕಣ್ಣಿನಿಂದ ನೋಡಿ ಸರಿಯಿದೆ ಎನ್ನುವುದಕ್ಕಿಂತ ಮೀಟರಿನಿಂದ ಪರೀಕ್ಷಿಸುವುದು ವಿಹಿತ. ಕೂದಲೆಳೆಯ ಬಿರುಕು ಕಣ್ಣಿಗೆ ಬೀಳುವುದಿಲ್ಲ.

ಹೊಸ ಫ್ಯೂಸ್ ಹಾಕಿದ ಕೂಡಲೇ ಅದೂ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ. ಬಾಗಿಲ ರಬ್ಬರ್ ಕವಚದೊಳಗೆ ಹೊದಿಕೆ ಕಳಚಿದ ವೈರು, ಅಥವಾ ಹೊರಗಿನಿಂದ ಹಾಕಿಸಿದ ಅಲಂಕಾರದ ದೀಪ, ಅಲಾರಾಂಗಳ ಜೋಡಣೆ ಇದಕ್ಕೆ ಸಾಮಾನ್ಯ ಕಾರಣ. 10ರ ಜಾಗದಲ್ಲಿ 20ರ ಫ್ಯೂಸ್ ತುರುಕುವುದು, ಸಿಗರೇಟು ಪೊಟ್ಟಣದ ತಗಡು ಸುತ್ತುವುದು ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಪೂರ್ತಿ ನಿಂತಿಲ್ಲ. ಹಾಗೆ ಮಾಡಿದಾಗ ಫ್ಯೂಸಿನ ಬದಲು ವೈರು ಸುಡುತ್ತದೆ, ವೈರಿನ ಜೊತೆಗೆ ಕಾರೂ ಸುಡಬಹುದು.

ಒಂದೇ ಕನ್ನಡಿ ತಣ್ಣಗಿದ್ದರೆ ಫ್ಯೂಸ್, ರಿಲೇಗಳ ಗೊಡವೆ ಬೇಡ. ಸಮಾನ ಫ್ಯೂಸಿದ್ದರೆ ಇನ್ನೊಂದು ಕನ್ನಡಿ ಬಿಸಿಯಾಗುತ್ತಿರುವುದೇ ಅವುಗಳ ಆರೋಗ್ಯಕ್ಕೆ ಸಾಕ್ಷಿ. ಆ ಪಕ್ಕದ ಬಾಗಿಲು ಮತ್ತು ಕನ್ನಡಿಯ ಕಡೆಗೇ ಗಮನ ಹರಿಸಬೇಕು.

ಇಲ್ಲಿ ನಮ್ಮ ನಗರಗಳಿಗೆ ವಿಶೇಷವಾದ ಒಂದು ಕಾರಣವನ್ನು ಹೇಳಲೇಬೇಕು. ಟ್ರಾಫಿಕ್ಕಿನಲ್ಲಿ ಬೈಕಿನ ಹ್ಯಾಂಡಲ್ ತಾಗಿ ಸೈಡ್ ಮಿರರ್ ಒಡೆಯುವುದು ದಿನನಿತ್ಯದ ಸಂಗತಿ. ಒಡೆದ ಗಾಜಿಗೆ ಬದಲಾಗಿ ಅಳತೆಗೆ ಕತ್ತರಿಸಿದ ಸಾದಾ ಕನ್ನಡಿಯನ್ನು ಕಡಿಮೆ ಬೆಲೆಗೆ ಕೂರಿಸಿಕೊಡುವವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗಳಲ್ಲಿ ಸಿಗುತ್ತಾರೆ. ಕೆಲಸ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಹೊಸ ಗಾಜಿಗೆ ಹೀಟರ್ ಹಾಳೆಯೇ ಇರುವುದಿಲ್ಲ. ಎರಡು ವೈರುಗಳು ಕವಚದೊಳಗೆ ಅನಾಥವಾಗಿ ತೂಗಾಡುತ್ತಿರುತ್ತವೆ. ಹಳೆಯ ಕಾರನ್ನು ಕೊಂಡವರಿಗೆ ಹಿಂದಿನ ಮಾಲೀಕರ ಈ ಮಿತವ್ಯಯದ ಸುಳಿವೇ ಇರುವುದಿಲ್ಲ. ಹಲವು ಹೀಟೆಡ್ ಗಾಜುಗಳ ಮೂಲೆಯಲ್ಲಿ ಅಲೆಯಲೆಯಾಗಿ ಮೇಲೇಳುವ ಗೆರೆಗಳ ಸಣ್ಣ ಗುರುತಿರುತ್ತದೆ. ಒಂದು ಪಕ್ಕದ ಗಾಜಿನಲ್ಲಿ ಗುರುತಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಶೋಧನೆ ಅಲ್ಲಿಗೇ ಮುಗಿಯಿತು. ಮೂಲ ಗಾಜಿನ ಮೇಲೆಯೇ ಹೊಸ ಗಾಜನ್ನು ಅಂಟಿಸಿರುವುದೂ ಉಂಟು. ಆಗ ಒಳಗಿನ ಹೀಟರ್ ಬಿಸಿಯಾದರೂ ಎರಡು ಗಾಜು ಮತ್ತು ಅಂಟನ್ನು ದಾಟಿ ಬರುವ ಕಾವು ಬಲು ನಿಧಾನವಾಗುತ್ತದೆ.

ಗಾಜನ್ನು ಹೊರತೆಗೆಯುವುದು

ಒಂದು ಕನ್ನಡಿಯ ಪರೀಕ್ಷೆಗೆ ಗಾಜನ್ನು ಹೊರತೆಗೆಯುವುದು ಅನಿವಾರ್ಯ. ಕೆಲಸ ಕಠಿಣವೇನಲ್ಲ, ಆದರೆ ಆತುರ ಸಲ್ಲದು. ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಕಡ್ಡಾಯ. ಹೀಟರನ್ನು ಬಂದ್ ಮಾಡಿ, ಗುಂಡಿಯ ಮೂಲಕ ಗಾಜಿನ ಹೊರ ಅಂಚು ಆದಷ್ಟೂ ಮುಂದೆ ಬರುವಂತೆ ಓರೆ ಮಾಡಬೇಕು. ಚಳಿಯಿದ್ದರೆ ಪ್ಲಾಸ್ಟಿಕ್ ಹಿಡಿಕೆಗಳು ಪೆಡಸಾಗಿರುತ್ತವೆ. ಕೂದಲು ಒಣಗಿಸುವ ಡ್ರೈಯರಿನಿಂದ ಕೆಲ ನಿಮಿಷ ಬೆಚ್ಚಗೆ ಮಾಡಿದರೆ ಮುರಿಯುವ ಸಂಭವ ಕಡಿಮೆ. ಗಾಜಿನ ಮೇಲೆ ಅಡ್ಡಡ್ಡ ಟೇಪು ಅಂಟಿಸಿದರೆ, ಒಂದು ವೇಳೆ ಒಡೆದರೂ ಚೂರುಗಳು ಚದುರುವುದಿಲ್ಲ.

ಮುಂದೆ ಬಂದ ಅಂಚಿನ ಹಿಂದೆ ಪ್ಲಾಸ್ಟಿಕ್ ಅಥವಾ ಮರದ ಚಪ್ಪಟೆ ಪಟ್ಟಿಯನ್ನು ತೂರಿಸಿ, ಹಿಂಬದಿಯ ಪ್ಲಾಸ್ಟಿಕ್ ತಟ್ಟೆಗೆ ತಾಗಿಸಿ ಮೆಲ್ಲಗೆ ಮೀಟಬೇಕು. ಗಾಜಿಗೇ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಿರುಕು ಖಚಿತ. ‘ಟಪ್’ ಎಂಬ ಸದ್ದಿನೊಡನೆ ಹಿಡಿಕೆಗಳು ಒಂದೊಂದಾಗಿ ಬಿಡುತ್ತವೆ. ಕೆಲವು ಕಾರುಗಳಲ್ಲಿ ಒತ್ತುವ ಹಿಡಿಕೆಯ ಬದಲು ತಂತಿಯ ಸ್ಪ್ರಿಂಗ್ ಅಥವಾ ತಿರುಗುವ ಉಂಗುರದ ಬೀಗವಿರುತ್ತದೆ. ಬಲ ಹಾಕುವ ಮುನ್ನ ಟಾರ್ಚ್ ಹಿಡಿದು ನೋಡುವುದು ಉತ್ತಮ. ಗಾಜು ಸಡಿಲವಾದೊಡನೆ ಎಳೆಯಬಾರದು, ವೈರುಗಳು ಇನ್ನೂ ಹಿಡಿದಿರುತ್ತವೆ. ಹೀಟರಿನ ಎರಡು ನಾಲಗೆಗಳು ಹಾಳೆಗೆ ಅಂಟಿಕೊಂಡಿರುವುದು ಬಲು ನಾಜೂಕಾಗಿ. ವೈರು ಬಿಚ್ಚುವಾಗ ನಾಲಗೆಯ ಬುಡವನ್ನು ಒಂದು ಕೈಯಿಂದ ಒತ್ತಿಹಿಡಿಯದಿದ್ದರೆ, ಸರಿಯಿದ್ದ ಹಾಳೆಯೂ ನಮ್ಮ ಕೈಯಲ್ಲೇ ಕೆಡುತ್ತದೆ.

ರಾತ್ರಿ ಹಿಂದಿನ ವಾಹನದ ಬೆಳಕಿಗೆ ತಾನಾಗಿ ಮಂಕಾಗುವ ಗಾಜಿದ್ದರೆ ಎರಡಕ್ಕಿಂತ ಹೆಚ್ಚು ವೈರುಗಳಿರುತ್ತವೆ. ಇಂಥ ಗಾಜಿನ ಎರಡು ಪದರಗಳ ನಡುವೆ ರಾಸಾಯನಿಕ ದ್ರವ ಅಥವಾ ಅಂಟಿನಂಥ ವಸ್ತುವಿರುತ್ತದೆ. ಒಡೆದಿದ್ದರೆ ಅದು ಚರ್ಮಕ್ಕೂ ಕಾರಿನ ಬಣ್ಣಕ್ಕೂ ತಾಗದಂತೆ ನೋಡಿಕೊಳ್ಳಬೇಕು. ಪಕ್ಕದ ವಾಹನದ ಎಚ್ಚರಿಕೆ ನೀಡುವ ದೀಪವಿರುವ ಗಾಜಿಗೂ ಪ್ರತ್ಯೇಕ ವೈರುಗಳುಂಟು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆಯಲ್ಲಿ ಗೊಂದಲವಾಗದು. ಹೀಟರಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಹಾನಿಯಿಲ್ಲ, ಅದು ಬರಿಯ ರೋಧವಷ್ಟೆ. ಉಳಿದ ವೈರುಗಳಿಗೆ ಈ ಸ್ವಾತಂತ್ರ್ಯವಿಲ್ಲ.

ಮೂರು ಅಳತೆಗಳು

ಮೊದಲ ಅಳತೆ ಹಾಳೆಯದು. ವೈರು ಬಿಚ್ಚಿದ ಗಾಜಿನ ಎರಡು ನಾಲಗೆಗಳ ನಡುವೆ ಮೀಟರನ್ನು ಓಮ್ ಸ್ಥಾನದಲ್ಲಿಟ್ಟು ಹಿಡಿಯಬೇಕು. 5ರಿಂದ 20 ಓಮ್‌ಗಳ ನಡುವಿನ ಯಾವುದೇ ಅಂಕಿ ಬಂದರೆ ಹಾಳೆ ಜೀವಂತವಾಗಿದೆ. ತನ್ನ ಕಾವನ್ನು ತಾನೇ ನಿಯಂತ್ರಿಸುವ ಬಗೆಯ ಹಾಳೆಯಾದರೆ ತಣ್ಣಗಿದ್ದಾಗ ಇನ್ನೂ ಕಡಿಮೆ ಅಂಕಿ ಬರಬಹುದು. ಮೀಟರ್ ಏನನ್ನೂ ತೋರದೆ ‘ಅನಂತ’ ಎಂದರೆ ಎಳೆ ತುಂಡಾಗಿದೆ. ಯಾವುದು ಸರಿಯಾದ ಅಂಕಿ ಎಂಬ ಅನುಮಾನವಿದ್ದರೆ ಇನ್ನೊಂದು ಪಕ್ಕದ ಗಾಜನ್ನೂ ಅಳೆದು ಹೋಲಿಸುವುದಕ್ಕಿಂತ ಒಳ್ಳೆಯ ಪ್ರಮಾಣ ಬೇರಿಲ್ಲ.

ಎರಡನೆಯದು ವೈರಿಗೆ ಬರುವ ವೋಲ್ಟೇಜ್. ಎಂಜಿನ್ ಚಾಲೂ ಮಾಡಿ, ಹೀಟರ್ ಹಾಕಿ, ಎರಡು ವೈರುಗಳ ತುದಿಗಳ ನಡುವೆ ಅಳೆಯಬೇಕು. 13 ವೋಲ್ಟಿನ ಆಸುಪಾಸು ಬಂದರೆ ಮುಂದಿನ ಹಂತಕ್ಕೆ ಹೋಗಬಹುದು. ಸೊನ್ನೆ ಬಂದರೆ ಮೀಟರಿನ ಕಪ್ಪು ಕಡ್ಡಿಯನ್ನು ಕಾರಿನ ಲೋಹದ ಮೈಗೆ ತಾಗಿಸಿ, ಕೆಂಪು ಕಡ್ಡಿಯನ್ನು ಒಂದೊಂದೇ ವೈರಿಗೆ ಹಿಡಿಯಬೇಕು. ಈಗ ಒಂದರಲ್ಲಿ 13 ವೋಲ್ಟ್ ಬಂದರೆ ವಿದ್ಯುತ್ತು ಬರುತ್ತಿದೆ, ಆದರೆ ಹಿಂದಿರುಗುವ ಅರ್ಥಿಂಗ್ ವೈರು ಕಡಿದಿದೆ. ಎರಡರಲ್ಲೂ ಏನೂ ಇಲ್ಲದಿದ್ದರೆ ಬರುವ ವೈರೇ ಕಡಿದಿದೆ.

ಬಹುತೇಕರು ಇಲ್ಲಿಗೇ ನಿಲ್ಲಿಸುತ್ತಾರೆ, ಎಡವುವುದೂ ಇಲ್ಲಿಯೇ. ಮಲ್ಟಿಮೀಟರ್ ಅಳೆಯಲು ಬಳಸುವ ಪ್ರವಾಹ ಎಷ್ಟು ಅತ್ಯಲ್ಪವೆಂದರೆ, ಒಂದೇ ಒಂದು ಎಳೆ ಉಳಿದಿರುವ ವೈರಿನಲ್ಲೂ ಅದು ಪೂರ್ಣ 13 ವೋಲ್ಟ್ ತೋರುತ್ತದೆ. ಹೀಟರಿಗೆ ಬೇಕಾದ ಒಂದೂಚಿಲ್ಲರೆ ಆಂಪಿಯರ್ ಹರಿಯಲು ಹೊರಟಾಗ ಆ ವೈರು ಕೈಕೊಡುತ್ತದೆ. ಬಾಡಿದ ಕೊಳಾಯಿಯಂತೆ ಇದು: ನಲ್ಲಿ ಮುಚ್ಚಿದ್ದಾಗ ಒತ್ತಡ ಸರಿಯಾಗಿಯೇ ಕಾಣುತ್ತದೆ, ತೆರೆದಾಗ ತೊಟ್ಟಿಕ್ಕುತ್ತದೆ. ಆದ್ದರಿಂದ ಮೂರನೆಯ ಅಳತೆಯನ್ನು ಹೊರೆಯ ಸಮೇತ ಮಾಡಬೇಕು. ಹೀಟರನ್ನು ವೈರಿಗೆ ಸಿಕ್ಕಿಸಿಟ್ಟು, ಅದು ಕೆಲಸ ಮಾಡುವಾಗಲೇ ನಾಲಗೆಗಳ ನಡುವೆ ವೋಲ್ಟೇಜ್ ಅಳೆಯಬೇಕು. 13 ಇದ್ದದ್ದು 12.5ಕ್ಕೆ ಇಳಿದರೆ ಚಿಂತೆಯಿಲ್ಲ. 6ಕ್ಕೋ 4ಕ್ಕೋ ಕುಸಿದರೆ ದಾರಿಯಲ್ಲೆಲ್ಲೋ ಕಿಲುಬು ಅಥವಾ ಸವೆದ ವೈರು ಇದೆ. ಹಾಳೆಯೇ ತುಂಡಾಗಿದ್ದು ವೈರನ್ನು ಮಾತ್ರ ಪರೀಕ್ಷಿಸಬೇಕಾದಾಗ ಇಂಡಿಕೇಟರಿನ 12 ವೋಲ್ಟ್, 21 ವ್ಯಾಟ್ ಬಲ್ಬನ್ನು ಆ ಎರಡು ವೈರುಗಳಿಗೆ ತಾತ್ಕಾಲಿಕವಾಗಿ ಜೋಡಿಸಬಹುದು. ಬಲ್ಬು ಪ್ರಖರವಾಗಿ ಉರಿದರೆ ವೈರುಗಳು ನಿರ್ದೋಷಿ, ಮಿಣುಕಿದರೆ ದೋಷಿ. ಬಾಗಿಲ ಎಲೆಕ್ಟ್ರಾನಿಕ್ ಘಟಕದಿಂದ ನೇರವಾಗಿ ವಿದ್ಯುತ್ ಪಡೆಯುವ ಹೊಸ ಕಾರುಗಳಲ್ಲಿ ಈ ಬಲ್ಬಿನ ಪ್ರಯೋಗ ಬೇಡ. ಅಲ್ಲಿ ಸ್ಕ್ಯಾನರ್ ಜೋಡಿಸಿ ದಾಖಲಾದ ದೋಷಸಂಕೇತವನ್ನು ಓದಿಸುವುದು ಕ್ಷೇಮ. ಹೊರಗಿನ ಉಷ್ಣತೆಯ ಕಾರಣಕ್ಕೆ ಹೀಟರ್ ಚಾಲೂ ಆಗದ ಕಾರುಗಳಲ್ಲೂ ಸ್ಕ್ಯಾನರಿನ ಮೂಲಕ ಅದನ್ನು ಒತ್ತಾಯದಿಂದ ಚಾಲೂ ಮಾಡಿ ನೋಡಲು ಸಾಧ್ಯವಿರುತ್ತದೆ.

ದುರಸ್ತಿ

ನಾಲಗೆಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ನಯವಾದ ಮರಳು ಕಾಗದದಿಂದ ಉಜ್ಜಿ, ವಿದ್ಯುತ್ ಸಂಪರ್ಕ ಶುಚಿಗೊಳಿಸುವ ಸ್ಪ್ರೇ ಹೊಡೆದು, ಸಡಿಲವಾದ ಕನೆಕ್ಟರನ್ನು ಇಕ್ಕಳದಿಂದ ಕೊಂಚವೇ ಬಿಗಿಮಾಡಿ, ನೀರು ತಡೆಯುವ ಗ್ರೀಸ್ ಸವರಬೇಕು. ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಿಗೂ, ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಶೀತದೇಶಗಳ ಕಾರುಗಳಿಗೂ ಈ ಕಾಯಿಲೆ ಸಮಾನ. ಇಷ್ಟರಿಂದಲೇ ಸರಿಹೋಗುವ ಕನ್ನಡಿಗಳು ಕಡಿಮೆಯೇನಲ್ಲ.

ಬಾಗಿಲ ಕೀಲಿನ ರಬ್ಬರ್ ಕವಚದಲ್ಲಿ ವೈರು ಕಡಿಯುವುದು ಹೆಚ್ಚಾಗಿ ಚಾಲಕನ ಪಕ್ಕದಲ್ಲಿ. ಅತಿ ಹೆಚ್ಚು ಬಾರಿ ತೆರೆದು ಮುಚ್ಚುವ ಬಾಗಿಲು ಅದೇ ತಾನೆ. ನಮ್ಮಲ್ಲಿ ಬಲ, ಅಮೆರಿಕದಲ್ಲಿ ಎಡ. ಬಾಗಿಲನ್ನು ತೆರೆದು ಮುಚ್ಚುವಾಗ ವೋಲ್ಟೇಜ್ ಬಂದು ಹೋದರೆ, ಅಥವಾ ಅದೇ ಬಾಗಿಲಿನ ಪವರ್ ವಿಂಡೋ, ಸ್ಪೀಕರ್ ಕೂಡ ಆಗಾಗ ಮುಷ್ಕರ ಹೂಡುತ್ತಿದ್ದರೆ ಬೇರೆಡೆ ಹುಡುಕುವ ಅಗತ್ಯವಿಲ್ಲ. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ರಬ್ಬರ್ ಕವಚದ ಒಂದು ತುದಿಯನ್ನು ಬಿಡಿಸಿ ಹಿಂದಕ್ಕೆ ಸರಿಸಿದರೆ ವೈರುಗಳ ಕಟ್ಟು ಕಾಣುತ್ತದೆ. ಹೊದಿಕೆ ಸರಿಯಿದ್ದು ಒಳಗಿನ ತಾಮ್ರ ಮಾತ್ರ ತುಂಡಾಗಿರುವುದುಂಟು. ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡಿದರೆ ಕಡಿದದ್ದು ರಬ್ಬರಿನಂತೆ ಹಿಗ್ಗುತ್ತದೆ.

ಇಲ್ಲಿ ಕಡಿದ ಎರಡು ತುದಿಗಳನ್ನು ಹೊಸೆದು ಟೇಪು ಸುತ್ತುವುದು ದುರಸ್ತಿಯಲ್ಲ, ಮುಂದೂಡಿಕೆ. ಬಾಗುವ ಜಾಗದಲ್ಲಿ ಬೆಸುಗೆ ಹಾಕುವುದೂ ಅಷ್ಟು ಒಳ್ಳೆಯದಲ್ಲ. ಬೆಸುಗೆಯ ತವರ ವೈರನ್ನು ಪೆಡಸು ಮಾಡುವುದರಿಂದ ಅದರ ಪಕ್ಕದಲ್ಲೇ ಮತ್ತೆ ಕಡಿಯುತ್ತದೆ. ಬಾಗುವ ಭಾಗದುದ್ದಕ್ಕೂ ಅಷ್ಟೇ ದಪ್ಪದ, ಬಹಳ ಎಳೆಗಳುಳ್ಳ ಮೆದು ವೈರನ್ನು ಹೊಸದಾಗಿ ಹಾಯಿಸಿ, ಕೂಡುಗಳೆರಡೂ ಕವಚದಿಂದ ಆಚೆ, ಅಂದರೆ ಒಂದು ಬಾಗಿಲೊಳಗೆ, ಇನ್ನೊಂದು ಕಾರಿನೊಳಗೆ ಬರುವಂತೆ ಮಾಡಬೇಕು. ಕೂಡುಗಳನ್ನು ಕ್ರಿಂಪ್ ಮಾಡಿ, ಬಿಸಿಗೆ ಕುಗ್ಗುವ ತೋಳು ಹಾಕಿ ಮುಚ್ಚಬೇಕು. ಒಂದು ವೈರು ಕಡಿದಿದ್ದರೆ ಪಕ್ಕದವೂ ಅದೇ ಹಾದಿಯಲ್ಲಿರುತ್ತವೆ, ಒಟ್ಟಿಗೇ ನೋಡಿಬಿಡುವುದು ಜಾಣತನ. ಬಾಗಿಲ ಒಳಹಲಗೆ ಬಿಚ್ಚಬೇಕಾಗಿ ಬಂದರೆ ಪಕ್ಕದ ಏರ್‌ಬ್ಯಾಗಿನ ಸಂವೇದಕಗಳು ಅಲ್ಲಿರಬಹುದಾದ್ದರಿಂದ ಅನುಭವಿ ಎಲೆಕ್ಟ್ರಿಷಿಯನ್ನರಿಗೆ ಒಪ್ಪಿಸುವುದು ಮೇಲು. ಮಡಚುವ ಕನ್ನಡಿಯ ತಿರುಗುಕೀಲಿನಲ್ಲಿ ವೈರು ಕಡಿದಿದ್ದರೆ ದುರಸ್ತಿ ಕಷ್ಟಸಾಧ್ಯ. ಇಡೀ ಜೋಡಣೆ ಬದಲಿಸಬೇಕೆಂಬ ಸಲಹೆಗೆ ಅರ್ಥ ಬರುವುದು ಇಂಥ ಸಂದರ್ಭದಲ್ಲಿ.

ಹಾಳೆಯೇ ಸತ್ತಿದ್ದರೆ ಎರಡು ದಾರಿಗಳಿವೆ. ಹೀಟರ್ ಸಮೇತ ಸಿದ್ಧವಾದ ಗಾಜನ್ನು ತರಿಸಿ ಕೂರಿಸುವುದು ಮೊದಲನೆಯದು, ನಮ್ಮ ಮಟ್ಟಿಗೆ ಅದೇ ಸರಿಯಾದದ್ದು. ಹಳೆಯ ಗಾಜಿನಿಂದ ಹಾಳೆಯನ್ನು ಕಿತ್ತು, ಮಾರುಕಟ್ಟೆಯಲ್ಲಿ ಸಿಗುವ ಅಂಟಿಸುವ ಹೀಟರ್ ಹಾಳೆ ಹಾಕುವುದು ಎರಡನೆಯದು. ಹಳೆಯ ಅಂಟನ್ನು ಬಿಡಿಸುವಾಗ ಗಾಜು ಒಡೆಯುವ, ಕನ್ನಡಿಯ ಹಿಂದಿನ ಲೇಪನ ಸುಲಿಯುವ ಅಪಾಯ ಹೆಚ್ಚು. ಹೊಸ ಗಾಜು ಸಿಗದ ಹಳೆಯ ಮಾದರಿಯ ಕಾರುಗಳಿಗೆ ಮಾತ್ರ ಈ ಹಾದಿ. ಹಾಕುವುದಾದರೆ ಮೂಲ ಹೀಟರಿನಷ್ಟೇ ವ್ಯಾಟ್‌ನ ಹಾಳೆಯನ್ನು ಆರಿಸಬೇಕು. ಹಾಳೆಯ ಕೆಳಗೆ ಗಾಳಿಗುಳ್ಳೆ ಉಳಿದರೆ ಅಲ್ಲಿ ಕಾವು ಗಾಜಿಗೆ ಇಳಿಯದೆ ಹಾಳೆಯೇ ಸುಡುತ್ತದೆ.

ಗಾಜು ಕೊಳ್ಳುವಾಗ ಹೀಟರಿನಷ್ಟೇ ಮುಖ್ಯವಾದದ್ದು ಅದರ ಉಬ್ಬು. ಉಬ್ಬುಗಾಜು ಹೆಚ್ಚು ಅಗಲದ ನೋಟ ಕೊಟ್ಟು ವಾಹನಗಳನ್ನು ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತದೆ. ಚಪ್ಪಟೆ ಗಾಜು ದೂರವನ್ನು ಸರಿಯಾಗಿ ತೋರಿ ನೋಟವನ್ನು ಕಿರಿದಾಗಿಸುತ್ತದೆ. ಒಂದಕ್ಕೆ ಒಗ್ಗಿದ ಕಣ್ಣಿಗೆ ಇನ್ನೊಂದು ಮೋಸ ಮಾಡುತ್ತದೆ. ಅಮೆರಿಕದ ಸುರಕ್ಷಾ ನಿಯಮದ ಪ್ರಕಾರ ಚಾಲಕನ ಪಕ್ಕದ ಕನ್ನಡಿ ಚಪ್ಪಟೆಯಾಗಿರಬೇಕು. ಆದ್ದರಿಂದ ಅಲ್ಲಿನ ಕಾರಿಗೆ ಊರಿನಿಂದಲೋ ಯುರೋಪಿನಿಂದಲೋ ಅಗ್ಗದ ಗಾಜು ತರಿಸುವ ಯೋಚನೆ ಬೇಡ. ಸಾದಾ ಗಾಜು ಕೂರಿಸಿದ ಕಾರುಗಳಲ್ಲೂ ಈ ಉಬ್ಬಿನ ವ್ಯತ್ಯಾಸ ನುಸುಳಿರುತ್ತದೆ ಎಂಬುದನ್ನು ಗಮನಿಸಬೇಕು. ಹೀಟರ್ ಇಲ್ಲದಿರುವುದಕ್ಕಿಂತ ಇದು ದೊಡ್ಡ ಅಪಾಯ.

ಮರುಜೋಡಣೆಯಲ್ಲಿ ವೈರುಗಳನ್ನು ಮೊದಲು ಸಿಕ್ಕಿಸಿ, ಹೀಟರ್ ಹಾಕಿ, ಗಾಜು ಬೆಚ್ಚಗಾಗುವುದನ್ನು ಕೈಯಲ್ಲಿ ಹಿಡಿದೇ ಖಚಿತಪಡಿಸಿಕೊಳ್ಳಬೇಕು. ಅನಂತರ ಗಾಜನ್ನು ಮೋಟಾರಿನ ಹಿಡಿಕೆಗಳಿಗೆ ಸರಿಹೊಂದಿಸಿ, ನಡುಭಾಗದಲ್ಲಿ ಬಟ್ಟೆಯಿಟ್ಟು ಅಂಗೈ ಅಗಲದಿಂದ ಸಮನಾಗಿ ಒತ್ತಬೇಕು. ಮೂಲೆಯನ್ನು ಒತ್ತಿದರೆ ಗಾಜು ಸೀಳುತ್ತದೆ. ನಾಲ್ಕೂ ದಿಕ್ಕಿಗೆ ಚಲಿಸಿ ನೋಡಿ, ವೈರು ಎಲ್ಲಿಯೂ ಸಿಕ್ಕಿಹಾಕಿಕೊಂಡಿಲ್ಲ ಎಂದು ತಿಳಿದ ಮೇಲೆ ಕನ್ನಡಿಯನ್ನು ಒಮ್ಮೆ ಮಡಚಿ ಬಿಡಿಸಬೇಕು.

ದುರಸ್ತಿಗೆ ಬಿಡಿಭಾಗ ಬರುವವರೆಗೆ ಏನು ಮಾಡುವುದು? ಹಿಮಗಟ್ಟಿದ ಗಾಜಿಗೆ ಕುದಿನೀರು ಸುರಿಯಬಾರದು, ದಿಢೀರ್ ಉಷ್ಣತೆಯ ಏರಿಕೆಗೆ ಗಾಜು ಒಡೆಯುತ್ತದೆ. ರಾತ್ರಿ ಕನ್ನಡಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟರೆ ಹಿಮ ಚೀಲದ ಮೇಲೆ ಕೂರುತ್ತದೆ, ಬೆಳಿಗ್ಗೆ ಬಿಚ್ಚಿದರಾಯಿತು. ನಮ್ಮ ಘಾಟಿಗಳಲ್ಲಿ ಹಳೆಯ ಚಾಲಕರು ಗಾಜಿಗೆ ಕತ್ತರಿಸಿದ ಆಲೂಗಡ್ಡೆ ಉಜ್ಜುತ್ತಿದ್ದ ಪದ್ಧತಿ ಹಲವರಿಗೆ ನೆನಪಿರಬಹುದು. ನೀರು ಹನಿಗಟ್ಟದೆ ತೆಳು ಪದರವಾಗಿ ಹರಡುವುದರಿಂದ ಸ್ವಲ್ಪ ಹೊತ್ತು ನೋಟ ತಿಳಿಯಾಗುತ್ತದೆ. ಒಂದೆರಡು ಹನಿ ಶಾಂಪೂ ಸವರಿ ಒರೆಸಿದರೂ ಅದೇ ಫಲ. ಜೋರು ಮಳೆಗೆ ಇವೆರಡೂ ತೊಳೆದುಹೋಗುತ್ತವೆ, ಆಗ ಮತ್ತೆ ಹಚ್ಚಬೇಕು.